ಡ್ಯಾಕ್‌ಗೆ ತನ್ನದೇ ದನಿ ಇದೆಯಾ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ಅಡಿಕೆ ಬೆಳೆಗಾರ. ಹಳೇ ಹಂಚಿನ ಮನೆ. ಚಾವಡಿಯಲ್ಲಿ ಒಂದು ಇಂಟಿಗ್ರೇಟೆಡ್ ಆಂಪ್ಲಿಫೈಯರ್, ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್, 12 ಸಾವಿರದ ಒಂದು ಡ್ಯಾಕ್ (ಹಾಡಿನ ಡಿಜಿಟಲ್ ಅಂಕಿಗಳನ್ನು ಆಂಪ್ಲಿಫೈಯರ್‌ಗೆ ಬೇಕಾದ ವೋಲ್ಟೇಜ್ ಮಾಡಿಕೊಡುವ ಪೆಟ್ಟಿಗೆ) ಇಟ್ಟುಕೊಂಡಿದ್ದೇನೆ. ಹಾಡು ಬರುವುದು ಲ್ಯಾಪ್‌ಟಾಪ್‌ನಿಂದ. ಕೇಳುವುದು ಹಿಂದೂಸ್ತಾನಿ ಗಾಯನ, ಯಕ್ಷಗಾನ, ಚಿತ್ರಗೀತೆ. ಈ ಸಲ ಅಡಿಕೆಗೆ ಒಳ್ಳೆ ದರ ಸಿಕ್ಕಿತು. ಮೂರೂವರೆ ಲಕ್ಷದ ಒಳಗೆ ಒಂದು ದೊಡ್ಡ ಡ್ಯಾಕ್ ತರೋಣ ಅಂತ ಆಸೆ. ಒಬ್ಬರು ಆರ್-2-ಆರ್ ತಗೊಳ್ಳಿ, ದನಿ ಬೆಚ್ಚಗಿರುತ್ತೆ ಅನ್ನುತ್ತಾರೆ. ಇನ್ನೊಬ್ಬರು ಇಎಸ್ಎಸ್ ಚಿಪ್ಪಿನದು ಸ್ಪಷ್ಟ ಆದರೆ ಚೂಪು ಅನ್ನುತ್ತಾರೆ. ಮತ್ತೊಬ್ಬರಿಗೆ ಎಫ್‌ಪಿಜಿಎ ಬಿಟ್ಟರೆ ಬೇರೆ ಇಲ್ಲ. ನಿಜಕ್ಕೂ ಒಂದೊಂದರ ದನಿ ಬೇರೆಯಾ? ಯಾವುದು ತರಲಿ? ಸೆಕೆಂಡ್ ಹ್ಯಾಂಡ್ ಸಿಕ್ಕರೆ ತಗೋಬಹುದಾ?

ಉತ್ತರ: ಮಾರಾಯ್ರೆ, ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ನೆನಪಾಗಿದ್ದು ನನ್ನದೇ ಒಂದು ಪೆದ್ದುತನ. ಅದನ್ನು ಹೇಳಿಬಿಟ್ಟರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕೆಲವು ವರ್ಷದ ಹಿಂದೆ, ಆಗಸ್ಟ್ ತಿಂಗಳು. ಸಾಗರದಿಂದ ನನ್ನ ಷಡ್ಡಕ ಹೊಸದೊಂದು ಆರ್-2-ಆರ್ ಡ್ಯಾಕ್ ಹೊತ್ತುಕೊಂಡು ಶಿವಮೊಗ್ಗದ ನಮ್ಮನೆಗೆ ಬಂದಿದ್ದ. ಕಲ್ಲಿನಂಥ ಭಾರ. ನನ್ನ ಹತ್ತಿರ ಇದ್ದದ್ದು ಸಾಧಾರಣ ಬೆಲೆಯ ಚಿಪ್ ಡ್ಯಾಕ್. ಹಳೇ ಸಿಡಿ ಪ್ಲೇಯರ್‌ನ ಆಪ್ಟಿಕಲ್ ಔಟ್‌ಪುಟ್ ಒಂದಕ್ಕೆ, ಕೋ-ಆಕ್ಸಿಯಲ್ ಇನ್ನೊಂದಕ್ಕೆ ಹಾಕಿದೆವು. ಎರಡೂ ಒಂದೇ ಆಂಪ್ಲಿಫೈಯರ್‌ಗೆ. ಸೆಲೆಕ್ಟರ್ ತಿರುಗಿಸುತ್ತಾ ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳಿದೆವು. ಎರಡೇ ನಿಮಿಷಕ್ಕೆ ತೀರ್ಪು ಆಗಿಹೋಯಿತು. ಅವನ ಪೆಟ್ಟಿಗೆಯಲ್ಲಿ ದನಿ ತುಂಬಿಕೊಂಡಿದೆ, ತಂಬೂರಿ ಹತ್ತಿರ ಇದೆ. ‘ಮನ್ಸೂರರು ಅರ್ಧ ಅಡಿ ಮುಂದೆ ಬಂದು ಕೂತಂತಿದೆ’ ಅಂತ ನಾನು ಪುಸ್ತಕದಲ್ಲಿ ಬರೆದೂ ಇಟ್ಟೆ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ನನ್ನ ಡ್ಯಾಕ್ ಮಾರಿಬಿಡಬೇಕು ಅಂತಲೇ ಯೋಚನೆ.

ಬೆಳಿಗ್ಗೆ ಎದ್ದು ಮಲ್ಟಿಮೀಟರ್ ತೆಗೆದೆ. 100 ಹರ್ಟ್ಜ್‌ನ ಒಂದೇ ಸಮನೆಯ ಸ್ವರ ಹಾಕಿ ಸ್ಪೀಕರ್ ಟರ್ಮಿನಲ್‌ನಲ್ಲಿ ವೋಲ್ಟೇಜ್ ನೋಡಿದೆ. ನನ್ನ ಡ್ಯಾಕ್‌ಗೆ 2.00 ವೋಲ್ಟ್. ಅವನದಕ್ಕೆ 2.19. ಅಂದರೆ ಅವನದು ಸುಮಾರು 0.8 ಡೆಸಿಬಲ್ ಜಾಸ್ತಿ. ಇಷ್ಟು ಸಣ್ಣ ವ್ಯತ್ಯಾಸವನ್ನು ಕಿವಿ ‘ಜೋರು’ ಅಂತ ಹಿಡಿಯುವುದಿಲ್ಲ. ‘ಚೆನ್ನಾಗಿದೆ’ ಅಂತ ಹಿಡಿಯುತ್ತದೆ. ಅವನ ಡ್ಯಾಕ್‌ನ ಕೇಬಲ್ ನಡುವೆ ಎರಡು ಪುಟ್ಟ ಪ್ರಿಸೆಟ್ (ತಿರುಗಿಸಿ ಹೆಚ್ಚುಕಮ್ಮಿ ಮಾಡುವ ರೆಸಿಸ್ಟರ್) ಬೆಸುಗೆ ಹಾಕಿ, ತಿರುಗಿಸಿ ತಿರುಗಿಸಿ 2.00ಕ್ಕೆ ತಂದೆ. ಮತ್ತೆ ಹಾಡು ಹಾಕಿದರೆ ಮನ್ಸೂರರು ಎದ್ದು ಹೋಗಿ ತಮ್ಮ ಹಳೇ ಜಾಗದಲ್ಲೇ ಕೂತಿದ್ದರು! ಷಡ್ಡಕನಿಗೆ ಸಿಟ್ಟು ಬಂತು. ಅವನು ಕೊಟ್ಟಿದ್ದು ಲಕ್ಷಕ್ಕೆ ಹತ್ತಿರ ಹತ್ತಿರ ದುಡ್ಡು.

ಹಾಗಾದರೆ ವ್ಯತ್ಯಾಸವೇ ಇಲ್ಲವಾ? ಇದೆ. ಆದರೆ ಜನ ಹೇಳುವ ಜಾಗದಲ್ಲಿ ಇಲ್ಲ. ಅದಕ್ಕೆ ಈ ಪೆಟ್ಟಿಗೆಗಳ ಹೊಟ್ಟೆಯಲ್ಲಿ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು.

ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಒಂದೊಂದು ಅಂಕಿ ಬರುತ್ತದೆ. ಪ್ರತಿ ಅಂಕಿಯೂ 16 ಬಿಟ್. ಆ ಅಂಕಿಗೆ ತಕ್ಕಷ್ಟು ವೋಲ್ಟೇಜ್ ತೂಗಿ ಕೊಡುವುದೇ ಡ್ಯಾಕ್‌ನ ಕೆಲಸ. ಮಂಡಿಯ ಹಳೇ ತಕ್ಕಡಿ ನೆನಪು ಮಾಡಿಕೊಳ್ಳಿ. ಆರ್-2-ಆರ್ ಅಂದರೆ ಒಂದು ಕೆಜಿ, ಅರ್ಧ ಕೆಜಿ, ಕಾಲು ಕೆಜಿ, ಅದರ ಅರ್ಧ, ಮತ್ತೆ ಅದರ ಅರ್ಧ, ಹೀಗೆ 16 ಬಟ್ಟು ಇಟ್ಟುಕೊಂಡು ತೂಗಿದ ಹಾಗೆ. ಬಟ್ಟಿನ ಬದಲು ಇಲ್ಲಿ ರೆಸಿಸ್ಟರ್. ನೋಡಲು ಬಹಳ ಸರಳ. ತೊಂದರೆ ಎಲ್ಲಿ ಅಂದರೆ, ಹದಿನಾರನೇ ಬಟ್ಟು ಬರೀ 30 ಮಿಲಿಗ್ರಾಂ ಚಿಲ್ಲರೆ ಇರುತ್ತದೆ. ಶೇಕಡಾ 0.01 ನಿಖರತೆಯ ರೆಸಿಸ್ಟರ್ ಅಂದರೆ ದುಬಾರಿ ಮಾಲು. ಆದರೂ ಅದರಲ್ಲಿ ಒಂದು ಕೆಜಿ ಬಟ್ಟು 100 ಮಿಲಿಗ್ರಾಂ ಹೆಚ್ಚುಕಮ್ಮಿ ಇರಬಹುದು. ಅಂದರೆ ದೊಡ್ಡ ಬಟ್ಟಿನ ತಪ್ಪೇ ಸಣ್ಣ ಬಟ್ಟಿನ ಮೂರು ಪಟ್ಟು! ಅದಕ್ಕೇ ಒಳ್ಳೆ ಆರ್-2-ಆರ್ ಡ್ಯಾಕ್ ಮಾಡುವವರು ಒಂದೊಂದು ರೆಸಿಸ್ಟರನ್ನೂ ಆರಿಸುತ್ತಾರೆ, ಇಲ್ಲವೇ ತಪ್ಪನ್ನು ಲೆಕ್ಕ ಹಾಕಿ ತಿದ್ದುತ್ತಾರೆ. ಎಂಎಸ್‌ಬಿ, ಹೋಲೋ, ಡೆನಾಫ್ರಿಪ್ಸ್ ಕಂಪನಿಗಳ ಪೆಟ್ಟಿಗೆಗಳೆಲ್ಲ ಈ ಬಿಡಿ ರೆಸಿಸ್ಟರ್ ಜಾತಿಯವು. ದುಡ್ಡು ಹೋಗುವುದು ಅಲ್ಲಿಗೆ.

ಇಂಗ್ಲೆಂಡಿನ ಡಿಸಿಎಸ್‌ನವರ ರಿಂಗ್ ಡ್ಯಾಕ್ ಬೇರೆ ದಾರಿ ಹಿಡಿಯಿತು. ಅಲ್ಲಿ ಎಲ್ಲ ಬಟ್ಟೂ ಒಂದೇ ತೂಕ. ಆದರೆ ಪ್ರತಿ ಸಲ ಬೇರೆ ಬೇರೆ ಬಟ್ಟು ಎತ್ತುತ್ತಾರೆ. ಒಂದರಲ್ಲಿ ತಪ್ಪಿದ್ದರೂ ಅದು ಪದೇ ಪದೇ ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಹಾಡಿಗೆ ಅಂಟಿಕೊಂಡ ಕಲಬೆರಕೆ ಆಗುವ ಬದಲು, ಎಲ್ಲ ಕಡೆ ಹಂಚಿಹೋದ ಸಣ್ಣ ಸದ್ದಾಗುತ್ತದೆ. ನನಗೆ ಇದು ಬಹಳ ಇಷ್ಟವಾದ ಉಪಾಯ. ಕೊಳ್ಳುವ ಯೋಗ್ಯತೆ ನನಗಿಲ್ಲ, ಅದು ಬೇರೆ ಮಾತು.

ಇನ್ನು ನಿಮ್ಮ 12 ಸಾವಿರದ ಪೆಟ್ಟಿಗೆಯಲ್ಲಿರುವುದು ಬಹುಶಃ ಡೆಲ್ಟಾ-ಸಿಗ್ಮಾ ಚಿಪ್. ತೋಟಕ್ಕೆ ನೀರು ಬಿಡುವಾಗ ವಾಲ್ವನ್ನು ಅರ್ಧ ತಿರುಗಿಸಿ ಇಡುವ ಬದಲು ಸೆಕೆಂಡಿಗೆ ಲಕ್ಷಾಂತರ ಸಲ ತೆಗೆದು ಮುಚ್ಚಿ ಮಾಡಿದರೂ ಸರಾಸರಿ ಅಷ್ಟೇ ನೀರು ಹೋಗುತ್ತದಲ್ವಾ? ಇದೂ ಹಾಗೆಯೇ. ಕೆಲವೇ ಮೆಟ್ಟಿಲು, ವೇಗ ಮಾತ್ರ ವಿಪರೀತ. ಹೀಗೆ ಮಾಡುವಾಗ ಹುಟ್ಟುವ ಗದ್ದಲವನ್ನು ಕಿವಿಗೆ ಕೇಳದಷ್ಟು ಮೇಲಿನ ಫ್ರೀಕ್ವೆನ್ಸಿಗೆ ತಳ್ಳಿ, ಅಲ್ಲಿ ಸೋಸಿಬಿಡುತ್ತಾರೆ. ಇಎಸ್ಎಸ್, ಎಕೆಎಂ ಎರಡೂ ಕಂಪನಿಯ ಚಿಪ್ಪುಗಳು ಈ ಜಾತಿಯವೇ.

ಹೆಸರಿನ ಒಂದು ತಮಾಷೆ ಇಲ್ಲಿ ಹೇಳಲೇಬೇಕು. ಇಎಸ್ಎಸ್‌ನವರು ತಮ್ಮ ಚಿಪ್ಪಿಗೆ ಇಟ್ಟ ಹೆಸರು ಸೇಬರ್, ಅಂದರೆ ಕತ್ತಿ. ಎಕೆಎಂನವರು ತಮ್ಮದನ್ನು ವೆಲ್ವೆಟ್ ಸೌಂಡ್ ಅಂತ ಕರೆದುಕೊಂಡರು, ಅಂದರೆ ಮಖಮಲ್ಲಿನ ದನಿ. ಈಗ ಯಾರನ್ನಾದರೂ ಕೇಳಿ ನೋಡಿ. ಇಎಸ್ಎಸ್ ಚೂಪಂತೆ, ಎಕೆಎಂ ಮೃದುವಂತೆ! ಹೆಸರು ಅದಲುಬದಲು ಮಾಡಿ ಮಾರಿದ್ದರೆ ಏನು ಕೇಳಿಸುತ್ತಿತ್ತೋ ಅಂತ ನನಗೆ ಯಾವಾಗಲೂ ಕುತೂಹಲ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೋಕಾದಲ್ಲಿದ್ದ ಎಕೆಎಂ ಕಾರ್ಖಾನೆಗೆ ಬೆಂಕಿ ಬಿತ್ತು. ಚಿಪ್ ಸಿಗದೆ ಎಷ್ಟೋ ಕಂಪನಿಗಳು ಇಎಸ್ಎಸ್‌ಗೆ ಹಾರಿದವು. ಟಾಪಿಂಗ್‌ನ ಡಿ90 ಅನ್ನುವ ಡ್ಯಾಕ್ ಮೊದಲು ಎಕೆಎಂ ಚಿಪ್ಪಿನದು, ಆಮೇಲೆ ಬಂದ ಡಿ90ಎಸ್ಇ ಇಎಸ್ಎಸ್‌ನದು. ಮಖಮಲ್ಲು ಹೋಗಿ ಕತ್ತಿ ಬಂದರೂ, ಅಳತೆಯಲ್ಲಿ ಎರಡರ ದೋಷವೂ ಕಿವಿ ಮುಟ್ಟದಷ್ಟು ಕೆಳಗೇ ಇದೆ.

ಹಾಗಾದರೆ ನಿಜವಾದ ವ್ಯತ್ಯಾಸ ಎಲ್ಲಿ? ಮುಖ್ಯವಾಗಿ ಎರಡು ಕಡೆ. ಫಿಲ್ಟರ್, ಅಂದರೆ ಅಂಕಿಯಿಂದ ಅಲೆ ಮಾಡುವಾಗ ಹುಟ್ಟುವ ಬೇಡದ ಮೇಲಿನ ಫ್ರೀಕ್ವೆನ್ಸಿ ಸೋಸುವ ಭಾಗ. ಮತ್ತೆ ಕೊನೆಯ ಅನಲಾಗ್ ಔಟ್‌ಪುಟ್ ಸ್ಟೇಜ್, ಅಂದರೆ ಆಂಪ್ಲಿಫೈಯರ್‌ಗೆ ವೋಲ್ಟೇಜ್ ಕಳಿಸುವ ಭಾಗ.

ಫಿಲ್ಟರ್ ಜಗಳ ಸಿಡಿ ಹುಟ್ಟಿದ ದಿನದಿಂದಲೇ ಇದೆ. 1982ರಲ್ಲಿ ಸೋನಿಯವರ ಮೊದಲ ಪ್ಲೇಯರ್ ಸಿಡಿಪಿ-101 ಬಂದಾಗ ಅದರಲ್ಲಿ 16 ಬಿಟ್ ಡ್ಯಾಕ್ ಇತ್ತು, ಹಿಂದೆ ಕಡಿದಾದ ಅನಲಾಗ್ ಫಿಲ್ಟರ್. ಫಿಲಿಪ್ಸ್‌ನವರ ಹತ್ತಿರ ಇದ್ದದ್ದು 14 ಬಿಟ್ ಚಿಪ್ ಮಾತ್ರ. ಆದರೆ ಅವರು ನಾಲ್ಕು ಪಟ್ಟು ಓವರ್‌ಸ್ಯಾಂಪ್ಲಿಂಗ್ ಮಾಡಿ, ಅಂದರೆ ಎರಡು ಅಂಕಿಯ ನಡುವೆ ಲೆಕ್ಕ ಹಾಕಿದ ಹೊಸ ಅಂಕಿಗಳನ್ನು ತುಂಬಿ, ಫಿಲ್ಟರ್ ಕೆಲಸವನ್ನು ಹಗುರ ಮಾಡಿಕೊಂಡರು. ಇವತ್ತಿನ ಹೆಚ್ಚುಕಮ್ಮಿ ಎಲ್ಲ ಚಿಪ್ ಡ್ಯಾಕ್‌ಗಳೂ ಆ ದಾರಿಯಲ್ಲೇ ನಡೆಯುತ್ತಿವೆ. ಕಾರ್ಡ್ (Chord) ಕಂಪನಿಯ ಡೇವ್ ಅನ್ನುವ ಡ್ಯಾಕ್ ಇದನ್ನೇ ತುತ್ತತುದಿಗೆ ಒಯ್ದಿದೆ. ನಿಮ್ಮ ಸ್ನೇಹಿತರು ಹೇಳುವ ಎಫ್‌ಪಿಜಿಎ ಅಂದರೆ ಅದೇ. ರೆಡಿಮೇಡ್ ಫಿಲ್ಟರ್ ಬದಲು ತಮ್ಮದೇ ಲೆಕ್ಕ ಬರೆದು ಚಿಪ್ಪಿಗೆ ತುಂಬುವುದು. ಡೇವ್‌ನಲ್ಲಿ ಆ ಲೆಕ್ಕಕ್ಕೆ 1,64,000 ಟ್ಯಾಪ್. ಹಿಂದೆ ಮುಂದೆ ಅಷ್ಟು ದೂರದವರೆಗೆ ನೋಡಿ ನಡುವಿನ ಅಂಕಿ ಯಾವುದು ಅಂತ ತೀರ್ಮಾನಿಸುತ್ತದೆ. ಗಣಿತವಾಗಿ ನೋಡಿದರೆ ತಲೆಬಾಗಬೇಕು. ಕಿವಿಗೆ ಎಷ್ಟು ಸಿಗುತ್ತದೆ ಅನ್ನುವುದಕ್ಕೆ ನಾನು ಜಾಮೀನು ನಿಲ್ಲುವುದಿಲ್ಲ.

ಇದಕ್ಕೆ ತದ್ವಿರುದ್ಧ ಇರುವುದು ಎನ್ಒಎಸ್, ಅಂದರೆ ಓವರ್‌ಸ್ಯಾಂಪ್ಲಿಂಗೇ ಇಲ್ಲದ ಡ್ಯಾಕ್. ಬಹಳಷ್ಟು ಆರ್-2-ಆರ್ ಪೆಟ್ಟಿಗೆಗಳಲ್ಲಿ ಇದಕ್ಕೊಂದು ಗುಂಡಿ ಇರುತ್ತದೆ. ಹಳೇ ಫಿಲಿಪ್ಸ್ ಟಿಡಿಎ1541 ಚಿಪ್ ಹುಡುಕಿ ಹುಡುಕಿ ಇದನ್ನು ಕಟ್ಟಿಕೊಳ್ಳುವವರೂ ಇದ್ದಾರೆ. ಇದರಲ್ಲಿ ಅಂಕಿ ಬಂದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ವೋಲ್ಟೇಜ್ ಹೊರಗೆ ಬರುತ್ತದೆ. ಮೆಟ್ಟಿಲಿನ ಆಕಾರದಿಂದಾಗಿಯೇ ಮೇಲಿನ ಸ್ವರಗಳು ತಗ್ಗುತ್ತವೆ. ಸಿಡಿ ಹಾಡಿಗೆ 10 ಕಿಲೋಹರ್ಟ್ಜ್‌ನಲ್ಲಿ ಮುಕ್ಕಾಲು ಡೆಸಿಬಲ್, 15ರಲ್ಲಿ 1.7, 20ರಲ್ಲಿ 3.2 ಡೆಸಿಬಲ್ ಕಡಿಮೆ. ‘ಬೆಚ್ಚಗಿನ ದನಿ’ ಅಂತ ನಿಮ್ಮವರು ಹೇಳಿದ್ದರಲ್ಲಿ ದೊಡ್ಡ ಪಾಲು ಇದು. ರೆಸಿಸ್ಟರ್‌ನ ಪವಾಡ ಅಲ್ಲ. ಆಂಪ್ಲಿಫೈಯರ್‌ನ ಟ್ರೆಬಲ್ ಗುಂಡಿಯನ್ನು ಒಂದು ಕೂದಲೆಳೆ ಹಿಂದೆ ತಿರುಗಿಸಿದರೂ ಹೆಚ್ಚುಕಮ್ಮಿ ಅಲ್ಲಿಗೇ ಬರುತ್ತದೆ.

ಷಡ್ಡಕನ ಜೊತೆ ಶುರುವಾದ ಜಗಳ ನಿಲ್ಲಲಿಲ್ಲ. ಮರುವಾರ ಅವನ ಹತ್ತೊಂಬತ್ತರ ಮಗನನ್ನೂ ಕೂರಿಸಿಕೊಂಡು ಸರಿಯಾಗಿ ಪರೀಕ್ಷೆ ಮಾಡಿದೆವು. ಮಟ್ಟ ಸಮ ಮಾಡಿ, ಪೆಟ್ಟಿಗೆಗಳ ಮೇಲೆ ಪಂಚೆ ಹೊದಿಸಿ, ನಾಣ್ಯ ಚಿಮ್ಮಿ ಯಾವುದು ಅಂತ ಆರಿಸಿ, 16 ಸಲ. ಸುಮ್ಮನೆ ಊಹಿಸಿದರೂ ಎಂಟು ಸರಿಯಾಗುತ್ತದೆ. ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ನಿಜಕ್ಕೂ ಕೇಳಿಸಿದೆ ಅಂತ ಒಪ್ಪಬಹುದು, ಯಾಕಂದರೆ ಊಹೆಯಲ್ಲಿ ಅಷ್ಟು ಬರುವ ಸಾಧ್ಯತೆ ನೂರಕ್ಕೆ ನಾಲ್ಕು. ನನ್ನ ಚಿಪ್ ಡ್ಯಾಕ್‌ಗೂ ಓವರ್‌ಸ್ಯಾಂಪ್ಲಿಂಗ್ ಹಾಕಿದ ಅವನ ಆರ್-2-ಆರ್‌ಗೂ ಹುಡುಗನಿಗೆ ಒಂಬತ್ತು ಸರಿ, ನನಗೆ ಏಳು, ಷಡ್ಡಕನಿಗೆ ಎಂಟು. ಆಮೇಲೆ ಅದೇ ಪೆಟ್ಟಿಗೆಯ ಎನ್ಒಎಸ್ ಗುಂಡಿ ಒತ್ತಿದೆವು. ಯಕ್ಷಗಾನದ ಒಂದು ಒಳ್ಳೆ ಧ್ವನಿಮುದ್ರಣದಲ್ಲಿ ಭಾಗವತರ ಜಾಗಟೆ ಬೀಳುವ ಜಾಗ ಹಿಡಿದು ಹುಡುಗ 16ಕ್ಕೆ 14 ಸರಿ ಹೇಳಿದ! ಜಾಗಟೆಯ ಏಟಿಗಿಂತ ಅದರ ಬಾಲ ನೋಡಬೇಕು ಅಂದ. ಗಣಗಣ ಅಂತ ಉಳಿಯುವ ಆ ಮಿನುಗು ಎನ್ಒಎಸ್‌ನಲ್ಲಿ ಬೇಗ ಮಂಕಾಗುತ್ತದೆ. ನನಗೆ ಹತ್ತು ಸರಿ. ಐವತ್ತು ದಾಟಿದ ಕಿವಿ, ಏನು ಮಾಡೋದು.

ಮೂರು ಜನರ ಪರೀಕ್ಷೆಯಿಂದ ಲೋಕಕ್ಕೆ ತೀರ್ಪು ಕೊಡಲು ಬರುವುದಿಲ್ಲ. ದೊಡ್ಡ ಪರೀಕ್ಷೆಗಳೂ ಆಗಿವೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಅನ್ನುವವರು ಹೈ-ರೆಸ್ (ಸಿಡಿಗಿಂತ ಹೆಚ್ಚು ವಿವರದ) ಹಾಡನ್ನು ನಡುವೆ ಸಿಡಿ ಮಟ್ಟಕ್ಕೆ ಇಳಿಸಿ ಕೇಳಿಸಿದರು. ಸಾಧಾರಣ ಜೋರಿನಲ್ಲಿ ಕೇಳುಗರಿಗೆ ಗೊತ್ತಾಗಲಿಲ್ಲ. 2016ರಲ್ಲಿ ರೀಸ್ ಅನ್ನುವವರು ಇಂಥ ಹಲವು ಪರೀಕ್ಷೆಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದಾಗ ಸರಿ ಉತ್ತರ ಶೇಕಡಾ 52.3 ಬಂತು. ಬರೀ ಊಹೆ ಅಲ್ಲ, ಆದರೆ ಕೂದಲೆಳೆಯ ಅಂತರ. ಇವು ಡ್ಯಾಕ್ ಹೋಲಿಕೆಗಳಲ್ಲ, ಫೈಲ್ ಹೋಲಿಕೆಗಳು. ಆದರೂ ಮನುಷ್ಯರ ಕಿವಿ ಎಷ್ಟು ಸಣ್ಣ ಜಾಗದಲ್ಲಿ ಜಗಳ ಆಡುತ್ತಿದೆ ಅಂತ ಗೊತ್ತಾಗುತ್ತದೆ.

ಔಟ್‌ಪುಟ್ ಸ್ಟೇಜ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ವಾಲ್ವ್ (ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ಟ್ಯೂಬ್) ಹಾಕಿದ ಡ್ಯಾಕ್ ತರುವುದಾದರೆ ವ್ಯತ್ಯಾಸ ಕೇಳಿಸುವ ಸಾಧ್ಯತೆ ಇದೆ, ಅದು ಎರಡನೇ ಹಾರ್ಮೋನಿಕ್ (ಮೂಲ ಸ್ವರದ ಎರಡು ಪಟ್ಟು ಫ್ರೀಕ್ವೆನ್ಸಿಯ ಸ್ವರ) ಸೇರಿಸುತ್ತದೆ, ಗಾಯನಕ್ಕೆ ಸ್ವಲ್ಪ ಮೈ ಬಂದಂತಾಗುತ್ತದೆ. ಇಷ್ಟವಾದರೆ ತಪ್ಪೇನಿಲ್ಲ. ಅದು ಒಗ್ಗರಣೆ ಅಂತ ತಿಳಿದು ಹಾಕಿಕೊಳ್ಳಿ, ಅಷ್ಟೇ.

ಪುಕ್ಕಟೆಯಾಗಿ ಮಾಡಬಹುದಾದ ಒಂದು ಕೆಲಸ ಇದೆ. ಇತ್ತೀಚಿನ ಚಿತ್ರಗೀತೆಗಳನ್ನೂ, ಹಳೆಯವುಗಳ ರೀಮಾಸ್ಟರ್‌ಗಳನ್ನೂ ಅಂಕಿಯ ಅಂಚಿಗೆ ಮುಟ್ಟುವಷ್ಟು ಜೋರಾಗಿ ಮಾಡಿರುತ್ತಾರೆ. ಡ್ಯಾಕ್ ನಡುವಿನ ಅಂಕಿ ಲೆಕ್ಕ ಹಾಕುವಾಗ ಅಲೆಯ ತುದಿ ಆ ಅಂಚನ್ನೂ ದಾಟಿಬಿಡುತ್ತದೆ. ಒಳಗೆ ಜಾಗ ಬಿಡದ ಡ್ಯಾಕ್‌ನಲ್ಲಿ ಆ ತುದಿ ಕತ್ತರಿಸಿಹೋಗುತ್ತದೆ. ಜನ ಇದನ್ನೂ ‘ಚೂಪು’ ಅನ್ನುತ್ತಾರೆ. ಲ್ಯಾಪ್‌ಟಾಪ್‌ನ ಪ್ಲೇಯರ್‌ನಲ್ಲಿ ವಾಲ್ಯೂಮ್ 3 ಡೆಸಿಬಲ್ ಇಳಿಸಿ, ಆಂಪ್ಲಿಫೈಯರ್‌ನಲ್ಲಿ ಏರಿಸಿಕೊಳ್ಳಿ. ಇವತ್ತೇ ಮಾಡಿ ನೋಡಿ.

ಈಗ ನಿಮ್ಮ ಮನೆಗೆ ಬರೋಣ. ಕ್ಯಾಟಲಾಗ್‌ನಲ್ಲಿ 120 ಡೆಸಿಬಲ್ (ಗರಿಷ್ಠ ದನಿಗೂ ಡ್ಯಾಕ್‌ನ ಗದ್ದಲಕ್ಕೂ ಇರುವ ಅಂತರ) ಅಂತ ನೋಡಿ ಮರುಳಾಗಬೇಡಿ. ನೀವು ತೀರಾ ಜೋರಾಗಿ, 95 ಡೆಸಿಬಲ್‌ಗೆ ಕೇಳಿದರೂ, ಅಂಥ ಡ್ಯಾಕ್‌ನ ಗದ್ದಲ ಕಿವಿಯ ಮಿತಿಗಿಂತ ಸುಮಾರು 25 ಡೆಸಿಬಲ್ ಕೆಳಗಿರುತ್ತದೆ. ಸಾದಾ ಸಿಡಿಯ 16 ಬಿಟ್‌ನ ಗದ್ದಲವೇ ಕಿವಿಯ ಮಿತಿಯ ಹತ್ತಿರ ಮುಗಿಯುತ್ತದೆ. ತೀರ್ಥಹಳ್ಳಿ ಕಡೆ ಜುಲೈನಲ್ಲಿ ಹಂಚಿನ ಮೇಲೆ ಮಳೆ ಬಡಿಯುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ಮಳೆ ಬಿಟ್ಟರೆ ಜೀರುಂಡೆ. ನಿಮ್ಮ ಚಾವಡಿಯಲ್ಲಿ ಡ್ಯಾಕ್‌ನ ಮೌನ ಹುಡುಕುವ ಸಮಯ ವರ್ಷದಲ್ಲಿ ಎಷ್ಟು ದಿನ ಸಿಕ್ಕೀತು ಹೇಳಿ.

ಹಂಚಿನ ಮನೆಯಲ್ಲಿ ಒಂದು ಪುಣ್ಯ ಇದೆ. ಮೇಲೆ ಮರದ ಅಟ್ಟ ಇರುವುದರಿಂದ ಸಿಮೆಂಟ್ ಪೆಟ್ಟಿಗೆಯ ಮನೆಗಳಷ್ಟು ದನಿ ಮೊಳಗುವುದಿಲ್ಲ. ಆದರೆ ನುಣುಪಾದ ಕೆಂಪು ನೆಲ ಕನ್ನಡಿಯ ಹಾಗೆ. ಸ್ಪೀಕರ್‌ಗೂ ನಿಮಗೂ ನಡುವೆ ಒಂದು ದಪ್ಪ ಕಂಬಳಿ ಹಾಸಿ. ಸ್ಪೀಕರ್‌ಗಳನ್ನು ಗೋಡೆಯಿಂದ ಎರಡು ಅಡಿ ಮುಂದೆ ತಂದು, ಅರ್ಧ ಅರ್ಧ ಅಡಿ ಸರಿಸುತ್ತಾ ಕೇಳಿ. ಬೇಸ್‌ನಲ್ಲಿ ಹಲವು ಡೆಸಿಬಲ್ ಬದಲಾಗುತ್ತದೆ. ಅದಕ್ಕೆ ಹೋಲಿಸಿದರೆ ಡ್ಯಾಕ್‌ಗಳ ನಡುವಿನ ಅಂತರ ಅಡಿಕೆ ಮೂಟೆಯ ಮುಂದೆ ಒಂದು ಹೋಳು. ಷಡ್ಡಕನ ಡ್ಯಾಕ್ ಜಗಳ ಆರಿದ್ದೂ ಹೀಗೆಯೇ. ಸಾಗರದ ಅವನ ಮನೆಯಲ್ಲಿ ಗೋಡೆ ಬೀರುವಿನೊಳಗೆ ಹೂತಿದ್ದ ಸ್ಪೀಕರ್‌ಗಳನ್ನು ಹೊರಗೆ ತಂದು ಸ್ಟ್ಯಾಂಡ್ ಮೇಲೆ ಇಟ್ಟೆವು. ಅವತ್ತು ಮಾತ್ರ ಮನ್ಸೂರರು ನಿಜವಾಗಿ ಮುಂದೆ ಬಂದು ಕೂತರು.

ಕರೆಂಟಿನ ವಿಷಯ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗ ಸ್ಪೀಕರ್‌ನಲ್ಲಿ ಸಣ್ಣ ಗುಂಯ್ ಸದ್ದು ಬಂದು, ಬ್ಯಾಟರಿಯಲ್ಲಿ ಓಡಿಸಿದರೆ ನಿಲ್ಲುತ್ತದಾ ನೋಡಿ. ನಿಂತರೆ ಅದು ಬಹುಶಃ ಗ್ರೌಂಡ್ ಲೂಪ್ (ಅರ್ಥಿಂಗ್ ತಂತಿಗಳ ಸುತ್ತು), ಮೂರು ಲಕ್ಷದ ಡ್ಯಾಕ್ ತಂದರೂ ಉಳಿಯಬಹುದು. ಲ್ಯಾಪ್‌ಟಾಪ್‌ನಲ್ಲಿ ಆಪ್ಟಿಕಲ್ ಔಟ್‌ಪುಟ್ ಇದ್ದು ಆಪ್ಟಿಕಲ್ ಕೇಬಲ್ ಹಾಕಿದರೆ ಕೆಲವು ನೂರು ರೂಪಾಯಿಗೆ ಹೋಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಡ್ಯಾಕ್ ಕಂಬಳಿಹುಳದ ಹಾಗೆ ಗುರುಗುಟ್ಟುತ್ತದೆ ಅಂತ ಒಬ್ಬರು ನನಗೆ ದೂರು ತಂದಿದ್ದರು. ಕಂಬಳಿಹುಳ ಗುರುಗುಟ್ಟುತ್ತದಾ ಗೊತ್ತಿಲ್ಲ, ಟ್ರಾನ್ಸ್‌ಫಾರ್ಮರ್ ಅಂತೂ ಹೌದು. ಸೈನ್ ವೇವ್ ಇನ್ವರ್ಟರ್ ಹಾಕಿಸಿಕೊಂಡರು, ನಿಂತಿತು.

ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಮಾತ್ರ ಹೆದರಿ. ಮೋಡ ಕಟ್ಟಿದ ಕೂಡಲೇ ಪ್ಲಗ್ ತೆಗೆಯುತ್ತೀರಿ, ಗೊತ್ತು. ನಾನೂ ತೆಗೆದಿದ್ದೆ. ಆದರೆ ಮೋಡೆಮ್‌ನಿಂದ ಸ್ಟ್ರೀಮರ್‌ಗೆ (ಇಂಟರ್‌ನೆಟ್‌ನಿಂದ ಹಾಡು ತರುವ ಪೆಟ್ಟಿಗೆ) ಬಂದಿದ್ದ ನೆಟ್‌ವರ್ಕ್ ಕೇಬಲ್ ಮರೆತಿದ್ದೆ. ಸಿಡಿಲು ಅದರಲ್ಲೇ ಬಂತು. ಸ್ಟ್ರೀಮರ್, ಅದರ ಹಿಂದಿದ್ದ ಡ್ಯಾಕ್, ಎರಡೂ ಹೋದವು. ಬೋರ್ಡಿನ ಮೇಲೆ ಉಗುರಿನಷ್ಟು ಕಪ್ಪು ಕಲೆ, ಅಷ್ಟೇ ಉಳಿದದ್ದು. ಮಳೆಗಾಲದಲ್ಲಿ ಬೂಸ್ಟಿನ ಕಾಟವೂ ಇದೆ. ದಿನಾ ಒಂದೆರಡು ಗಂಟೆ ಪೆಟ್ಟಿಗೆ ಆನ್ ಇದ್ದರೆ ಅದರ ಬಿಸಿಗೇ ಒಣಗಿಕೊಳ್ಳುತ್ತದೆ.

ಹಾಗಾಗಿ ನನ್ನ ಸಲಹೆ: ಡ್ಯಾಕ್ ಅಲ್ಲೇ ಇರಲಿ. ದುಡ್ಡು ಹಾಕಲೇಬೇಕು ಅಂದರೆ ಸ್ಪೀಕರ್‌ಗೆ ಹಾಕಿ. ಮೊದಲು ಕಂಬಳಿ, ಸ್ಟ್ಯಾಂಡ್, ಜಾಗ ಎಲ್ಲ ಮುಗಿಸಿಕೊಂಡು ಆಮೇಲೆ. ಆದರೂ ಆರ್-2-ಆರ್ ಮೇಲೆ ಮನಸ್ಸು ಕೂತಿದ್ದರೆ ನಾನು ಬೈಯುವುದಿಲ್ಲ. ಒಳಗಿನ ಕೆಲಸಗಾರಿಕೆ ಚೆಂದ, ಎದುರಿಗೆ ಇಟ್ಟುಕೊಂಡರೆ ಸಂತೋಷ ಆಗುತ್ತದೆ. ಎನ್ಒಎಸ್ ಮತ್ತು ಓವರ್‌ಸ್ಯಾಂಪ್ಲಿಂಗ್ ಎರಡೂ ಇರುವುದನ್ನು ನೋಡಿ, ಕಡಿಮೆ ಬೆಲೆಯದೇ ಸಾಕು. ಅಂಗಡಿಯಲ್ಲಿ ಕೇಳುವಾಗ ಮಟ್ಟ ಸಮ ಮಾಡದೆ ಹೋಲಿಸಿದರೆ ಒಪ್ಪಬೇಡಿ. ಹೆಚ್ಚಿನ ಡ್ಯಾಕ್‌ಗಳ ಆರ್‌ಸಿಎ ಔಟ್‌ಪುಟ್ 2 ವೋಲ್ಟ್, ಕೆಲವದು 2.5. ಅಷ್ಟಕ್ಕೇ ಸುಮಾರು 2 ಡೆಸಿಬಲ್ ಆಯಿತು. ಅದನ್ನು ತೋರಿಸಿಯೇ ಮಾರುವವರು ಇದ್ದಾರೆ. ಮಲ್ಟಿಮೀಟರ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. 100 ಹರ್ಟ್ಜ್‌ನಲ್ಲೇ ಅಳೆಯಿರಿ, ಅಗ್ಗದ ಮೀಟರ್‌ಗಳು ಮೇಲಿನ ಸ್ವರಕ್ಕೆ ತಪ್ಪು ತೋರಿಸುತ್ತವೆ.

ಸೆಕೆಂಡ್ ಹ್ಯಾಂಡ್ ಖಂಡಿತ ತಗೋಬಹುದು. ಡ್ಯಾಕ್‌ನಲ್ಲಿ ಸವೆಯುವಂಥದ್ದು ಕಡಿಮೆ. ಆದರೆ ಬರ್-ಬ್ರೌನ್ ಪಿಸಿಎಂ1704 ಥರದ ತಯಾರಿಕೆ ನಿಂತುಹೋದ ಚಿಪ್ ಇರುವ ಪೆಟ್ಟಿಗೆ ಕೆಟ್ಟರೆ ಬದಲಿ ಹುಡುಕುವುದು ಕಷ್ಟ, ಸಿಕ್ಕರೂ ನಕಲಿ ಇರಬಹುದು. ಎಫ್‌ಪಿಜಿಎ ಪೆಟ್ಟಿಗೆ ಕೆಟ್ಟರೆ ನನ್ನಂಥವರ ಟೇಬಲ್ ಮೇಲೆ ರಿಪೇರಿ ಆಗುವುದಿಲ್ಲ, ಕಂಪನಿಗೇ ಹೋಗಬೇಕು. ಹಳೆಯದಾದರೆ ಯುಎಸ್‌ಬಿ ಡ್ರೈವರ್ ನಿಮ್ಮ ಲ್ಯಾಪ್‌ಟಾಪ್‌ಗೆ ಈಗಲೂ ಸಿಗುತ್ತದಾ ವಿಚಾರಿಸಿ. ಎಲ್ಲಕ್ಕಿಂತ ಮೊದಲು ಹಿಂಬದಿಯ ಚೀಟಿಯ ಫೋಟೋ ತರಿಸಿಕೊಳ್ಳಿ. ಜಪಾನಿನಿಂದ ಬಂದದ್ದು 100 ವೋಲ್ಟ್‌ನದು ಇರುತ್ತದೆ. ನಮ್ಮ 230ಕ್ಕೆ ನೇರ ಹಾಕಿದರೆ ಹೊಗೆ ಬರುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಖರ್ಚನ್ನೂ ಸೇರಿಸಿಕೊಂಡೇ ಬೆಲೆ ಮಾತಾಡಿ.